ಕಾರಿಗೆ ಒಡೆಯರು ಯಾರು?

ಕಾರು ಉಳ್ಳವರ ಸೊತ್ತು, ಅದರ ರಿಪೇರಿಯ ಜಗಳ ನಮಗೇಕೆ ಎಂದು ಗಿರಣಿಯ ಗೆಳೆಯರು ಕೇಳಬಹುದು. ಸಾಲ ಮಾಡಿ ಟ್ಯಾಕ್ಸಿ ಓಡಿಸುವವನು ಉಳ್ಳವನೇ? ರಸ್ತೆಬದಿಯಲ್ಲಿ ಗ್ಯಾರೇಜು ಇಟ್ಟವನು, ಬಿಡಿಭಾಗ ಮಾರುವ ಸಣ್ಣ ಅಂಗಡಿಯವನು ಉಳ್ಳವರೇ? ಏಟು ಬೀಳುವುದು ಇವರ ಹೊಟ್ಟೆಯ ಮೇಲೆ.

2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಅವುಗಳ ತಪ್ಪೇನು? ಅಸಲಿ ಬಿಡಿಭಾಗಗಳೂ ದೋಷ ಪತ್ತೆಮಾಡುವ ಉಪಕರಣಗಳೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ತಡೆದದ್ದು. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ರದ್ದೆಂದು ಗ್ರಾಹಕರನ್ನು ಹೆದರಿಸಿದ್ದು. ಪೈಪೋಟಿಯೇ ಇಲ್ಲದ ಕಡೆ ಹೇಳಿದ್ದೇ ಬೆಲೆ!

ಹೊರಗಿನವರಿಗೆ ಕಸಬು ತಿಳಿಯದು, ಪ್ರಯಾಣಿಕರಿಗೆ ಅಪಾಯ ಎಂಬುದು ಕಂಪನಿಗಳ ವಾದ. ತಿಳಿಯದಿದ್ದರೆ ಕಲಿಸಲಿ. ಪುಸ್ತಕ ಬಚ್ಚಿಟ್ಟು ಹುಡುಗನನ್ನು ದಡ್ಡನೆಂದು ಜರೆಯುವ ಮೇಷ್ಟರನ್ನು ಯಾರು ಮೆಚ್ಚುತ್ತಾರೆ?

ದಂಡಕ್ಕೆ ಕಂಪನಿಗಳು ಮಣಿಯಲಿಲ್ಲ, ಕೋರ್ಟಿನ ಮೆಟ್ಟಿಲು ಹತ್ತಿದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ ಬೇರೆ ದಾರಿ ಹಿಡಿದರು. 2012ರಲ್ಲಿ ಮತ ಹಾಕಿ ರಿಪೇರಿಯ ಹಕ್ಕನ್ನು ಕಾನೂನು ಮಾಡಿಸಿದರು. ಕಾರು ನಿಸ್ತಂತು ಮೂಲಕ ಕಂಪನಿಗೆ ಕಳಿಸುವ ಮಾಹಿತಿ ಒಡೆಯನಿಗೂ ಸಿಗಬೇಕೆಂದು 2020ರಲ್ಲಿ ಮತ್ತೆ ಮತ ಹಾಕಿದರು.

ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ಒಂದು ಸಮಿತಿ ರಚಿಸಿತು. ಸಮಿತಿ ಸಾಲದು, ಕಟ್ಟುನಿಟ್ಟಿನ ಕಾನೂನು ಬೇಕು. ಟ್ಯಾಕ್ಸಿಯವರು, ಗ್ಯಾರೇಜಿನವರು, ಅಂಗಡಿಯವರು ಒಂದಾಗಿ ಕೇಳದೆ ಅದು ಬಾರದು. ಸಂಘ ಕಟ್ಟಿ ಬಲ್ಲ ಗಿರಣಿ ಕಾರ್ಮಿಕರು ಅವರ ಬೆನ್ನಿಗೆ ನಿಲ್ಲಬೇಕು.