ಪದವಿಗೂ ಬಂತು ಗಡಿ ತಕರಾರು

ಕಾಲೇಜಿನ ಮೆಟ್ಟಿಲು ಹತ್ತಲಾಗದ ದೊಡ್ಡವರ ಬಳಿಗೆ ವಿಶ್ವವಿದ್ಯಾಲಯವೇ ಬರಬೇಕು ಅನ್ನೋ ಮಾತನ್ನು ದೇಶದಲ್ಲಿ ಮೊದಲು ನಡೆಸಿ ತೋರಿಸಿದ್ದು ಆಂಧ್ರ. 1982ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಮುಕ್ತ ವಿಶ್ವವಿದ್ಯಾಲಯ ಸರ್ಟಿಫಿಕೇಟು ಇಲ್ಲದವರನ್ನೂ ಅರ್ಹತಾ ಪರೀಕ್ಷೆ ಬರೆಸಿ ಸೇರಿಸಿಕೊಂಡಿತು. ಮೈಸೂರಿನವರು 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿದ್ದರು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು.

ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗ ಈ ಎರಡರ ನಡುವೆ ಸಿಕ್ಕಿಕೊಂಡಿದ್ದಾನೆ. ಕನ್ನಡದಲ್ಲಿ ಓದಿ, ಹೊಲದಲ್ಲೋ ಅಂಗಡಿಯಲ್ಲೋ ಇಪ್ಪತ್ತು ವರ್ಷ ಕಳೆದು ಬಿ.ಎ. ಮಾಡಬೇಕೆಂದವನಿಗೆ ಪಾಠವೂ ಕನ್ನಡದಲ್ಲೇ ಬೇಕು. ಮಂಡಿಯ ತೆಲುಗು ಬೇರೆ, ಪರೀಕ್ಷೆಯ ತೆಲುಗು ಬೇರೆ. ಎರಡು ಭಾಷೆಯಲ್ಲೂ ಪದ್ಯ ಕಟ್ಟುವ ನಾನೇ, ತೆಲುಗಿನಲ್ಲಿ ಅರ್ಥಶಾಸ್ತ್ರದ ಉತ್ತರ ಬರಿ ಅಂದರೆ ಪೆನ್ನು ಕೆಳಗಿಡ್ತೀನಿ.

ರಾಜ್ಯದ ಮುಕ್ತ ವಿ.ವಿ. ಗಡಿ ದಾಟಿ ಕೇಂದ್ರ ತೆರೆಯಬಾರದು ಅಂತ ಯುಜಿಸಿ ನಿಯಮ. ಅದಕ್ಕೂ ಕಾರಣವಿದೆ. ಖಾಸಗಿಯವರ ಕೈಗೆ ಕೊಟ್ಟು ಹೊರರಾಜ್ಯಗಳಲ್ಲಿ ಕೋರ್ಸು ನಡೆಸಿದ್ದಕ್ಕೆ ಮೈಸೂರಿನ ಮುಕ್ತ ವಿ.ವಿ.ಗೆ 2013-14ರಿಂದ ಮಾನ್ಯತೆಯೇ ಇಲ್ಲವೆಂದು ಯುಜಿಸಿ 2015ರಲ್ಲಿ ಸಾರಿತು. ತಿರುಗಿ ಸಿಕ್ಕಿದ್ದು 2018ರಲ್ಲಿ. ನಡುವೆ ಓದಿದವರು ಮಾರ್ಕ್ಸ್ ಕಾರ್ಡು ಹಿಡಿದು ಅಲೆದರು. ಆದರೂ ಕಳ್ಳನಿಗೆ ಹಾಕಿದ ಬೇಲಿಗೆ ಮನೆಯವನೇ ಸಿಕ್ಕಿಕೊಂಡರೆ ಹೇಗೆ? ರಾಯದುರ್ಗ, ಆದೋನಿ, ಆಲೂರು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವಲ್ಲ!

ಆನ್‌ಲೈನ್ ಕೋರ್ಸಿಗೆ ಈ ಗಡಿ ಇಲ್ಲ, ನಿಜ. ಆದರೆ ನಲವತ್ತು ದಾಟಿದವನಿಗೆ ಎದುರು ಕೂತು ಹೇಳಿಕೊಡುವ ಮೇಷ್ಟ್ರು ಬೇಕು. ಸೆಲ್‌ಫೋನಿನಲ್ಲಿ ಅನುಮಾನ ಬಗೆಹರಿಯೋಲ್ಲ.

ಹಾಗಾಗಿ ನಾವೇ ಗಡಿಯಾಚೆ ಹೋಗಿ ಓದೋಣ. ನಿಯಮ ತಡೆಯೋದು ಕೇಂದ್ರವನ್ನು, ವಿದ್ಯಾರ್ಥಿಯನ್ನಲ್ಲ. ಬಳ್ಳಾರಿಯಲ್ಲೂ ಪಾವಗಡದಲ್ಲೂ ಗಡಿಯವರಿಗೆಂದೇ ಭಾನುವಾರದ ತರಗತಿ ನಡೆಯಲಿ, ಶುಲ್ಕ ಕರ್ನಾಟಕದವರಷ್ಟೇ ಇರಲಿ. ಜುಲೈ ಪ್ರವೇಶದ ಹೊತ್ತಿಗೆ ನಾವು ಶೇಂಗಾ ಬಿತ್ತುವ ಗಡಿಬಿಡಿಯಲ್ಲಿರ್ತೀವಿ, ಜೇಬೂ ಖಾಲಿ. ಕಾಯಿ ಮಾರಿ ದುಡ್ಡು ಕಂಡ ಮೇಲಿನ ಜನವರಿ ಪ್ರವೇಶವೇ ರೈತನಿಗೆ ಸರಿ. ಅದನ್ನು ಯಾವ ವರ್ಷವೂ ತಪ್ಪಿಸಬಾರದು.

ಇನ್ನೊಂದು ಮಾತು. ಈಗ ಪದವಿಗೆ ಪಿಯುಸಿ ಇಲ್ಲವೇ ಇಂಟರ್ ಆಗಿರಲೇಬೇಕು. ನನ್ನಂತೆ ಎಸ್ಸೆಸ್ಸೆಲ್ಸಿಗೆ ನಿಂತವರು ಮೊದಲು ಓಪನ್ ಸ್ಕೂಲಿನಲ್ಲಿ ಅದನ್ನು ಮುಗಿಸಿಕೊಳ್ಳಬೇಕು. ಅದರ ಪುಸ್ತಕ, ಪರೀಕ್ಷೆ ಫೀಜನ್ನಾದರೂ ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಕೊಡಲಿ. ಕನ್ನಡ ಭವನಕ್ಕೆ ಕೊಡುವ ಹಣದಲ್ಲಿ ಒಂದು ಪಾಲು ಸಾಕು.