ಸಂಗಡಿಗನ ಒಲವು ನಂಬತಕ್ಕದ್ದೆ?

ರೋಲ್-ಪ್ಲೇಯಿಂಗ್ ಗೇಮ್‌ಗಳಲ್ಲಿ ಕಥಾನಾಯಿಕೆಯ ಪಾತ್ರವನ್ನು ಧರಿಸಿ ಹೊರಡುವ ಆಟಗಾರ್ತಿಗೆ, ದಾರಿಯ ಸಂಗಡಿಗರಲ್ಲೊಬ್ಬನನ್ನು ಒಲಿಯುವ ಮತ್ತು ಅವನಿಂದ ಒಲಿಸಿಕೊಳ್ಳುವ ಅವಕಾಶ ದೊರೆತು ಕಾಲು ಶತಮಾನ ಸಂದಿದೆ. ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆ 2000ದಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 2’ರಲ್ಲಿ ಪುರುಷಪಾತ್ರಕ್ಕೆ ಜಹೇರಾ, ಏರಿ, ವಿಕೋನಿಯಾ ಎಂಬ ಮೂವರು ಪ್ರಣಯಿನಿಯರಿದ್ದರೆ, ಸ್ತ್ರೀಪಾತ್ರದ ಪಾಲಿಗೆ ಇದ್ದವನು ಅನೊಮೆನ್ ಒಬ್ಬನೇ, ಆ ಒಬ್ಬನೂ ಮಾತುಮಾತಿಗೆ ತನ್ನ ಪರಾಕ್ರಮವನ್ನೇ ಬಣ್ಣಿಸುವವನು. ಸಂಖ್ಯೆಯ ಕೊರತೆ ಅನಂತರದ ವರ್ಷಗಳಲ್ಲಿ ನೀಗುತ್ತ ಬಂದಿತಾದರೂ, ಸಂಗಡಿಗನಲ್ಲಿ ತೋರುವ ಅನುರಾಗವು ಆಡುವ ಹೆಣ್ಣಿನ ಮನಸ್ಸಿಗೆ ಸತ್ಯವೆಂದು ಪ್ರತೀತವಾಗುವುದೆ ಎಂಬ ಪ್ರಶ್ನೆ ನೀಗಿಲ್ಲ. ಇಬ್ಬರಲ್ಲಿಯೂ ನೆಲೆಗೊಳ್ಳದ ರತಿಯನ್ನು ಶೃಂಗಾರವೆನ್ನದೆ ಶೃಂಗಾರಾಭಾಸವೆಂದು ಕರೆದ ನಮ್ಮ ಆಲಂಕಾರಿಕರ ಒರೆಗಲ್ಲು ಇಲ್ಲಿ ಎರಡು ಪಕ್ಷಕ್ಕೂ ಸಲ್ಲುವಂಥದು.

ಪರ

ನಂಬಬಹುದು. ಏಕೆಂದರೆ ಈ ಸಂಗಡಿಗರಲ್ಲಿ ಉತ್ತಮರೆನಿಸಿದವರು ‘ಒಲ್ಲೆ’ ಎನ್ನಬಲ್ಲರು. ಒಲ್ಲೆನೆನ್ನುವ ಶಕ್ತಿ ಇರುವವನು ಒಲಿದಾಗಲೇ ಒಲವಿಗೆ ಬೆಲೆ.

2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲಿ ಡೇವಿಡ್ ಗೇಡರ್ ಬರೆದ ಅಲಿಸ್ಟೇರನನ್ನು ನೋಡಿರಿ. ನಗೆಮಾತಿನ ಹಿಂದೆ ಅಳುಕನ್ನು ಮರೆಸಿಕೊಳ್ಳುವ ಈ ತರುಣನು, ಲೊದರಿಂಗ್ ಎಂಬ ಊರು ನಾಶವಾಗುವ ಮುನ್ನ ಅಲ್ಲಿ ಕಿತ್ತ ಒಂದು ಗುಲಾಬಿಯನ್ನು ತನ್ನ ಬಳಿಯೇ ಇರಿಸಿಕೊಂಡಿದ್ದು, ಕೊನೆಗೊಂದು ದಿನ ಬಿಡಾರದಲ್ಲಿ ಅದನ್ನು ನಾಯಿಕೆಯ ಕೈಗಿತ್ತು, ಅಷ್ಟೊಂದು ಕೇಡಿನ ನಡುವೆ ಇಂಥ ಚೆಲುವು ಹೇಗೆ ಅರಳಿತೆಂದು ತಾನು ಬೆರಗಾದುದನ್ನೂ, ಅವಳನ್ನು ಕಂಡಾಗ ತನಗೆ ಅದೇ ಬೆರಗು ಮೂಡುವುದನ್ನೂ ಸಂಕೋಚದಿಂದ ಹೇಳಿಕೊಳ್ಳುತ್ತಾನೆ. ಇದಿಷ್ಟೇ ಆಗಿದ್ದರೆ ಇದೊಂದು ಮಧುರವಾದ ಪ್ರಸಂಗವೆಂದು ಸುಮ್ಮನಾಗಬಹುದಿತ್ತು. ಆದರೆ ಅವನು ದಿವಂಗತ ದೊರೆಯ ಅನೌರಸ ಪುತ್ರ. ಅವನನ್ನು ಸಿಂಹಾಸನಕ್ಕೇರಿಸುವ ನಿರ್ಣಯ ಅವಳದೇ ಕೈಯಲ್ಲಿದೆ. ಅವಳು ಎಲ್ಫ್ ಕುಲದವಳೋ ಕುಬ್ಜ ಕುಲದವಳೋ ಮಾಂತ್ರಿಕಳೋ ಆಗಿದ್ದು ಅವನನ್ನು ಅರಸನನ್ನಾಗಿ ಮಾಡಿದಳೆಂದರೆ, ರಾಜ್ಯಕ್ಕೆ ಉತ್ತರಾಧಿಕಾರಿ ಬೇಕು, ಅಂಥ ರಾಣಿಯನ್ನು ಸಾಮಂತರು ಒಪ್ಪರು ಎಂದು ಅವನೇ ನೊಂದುಕೊಂಡು ಸಂಬಂಧವನ್ನು ಕಡಿದುಕೊಳ್ಳುತ್ತಾನೆ. ಹಿಂದಿನ ಅನುಭವಗಳಿಂದ ಅವನ ಮನಸ್ಸು ಗಟ್ಟಿಯಾಗಿರದಿದ್ದರೆ ಗುಪ್ತವಾದ ಬಾಳುವೆಗೂ ಅವನು ಒಡಂಬಡನು. ಅವನ ಪಕ್ಕದಲ್ಲಿ ರಾಣಿಯಾಗಿ ಕೂಡಬಲ್ಲವಳು ಕೂಸ್ಲಂಡ್ ಎಂಬ ಮಾನವ ಸಾಮಂತ ಮನೆತನದ ಮಗಳು ಮಾತ್ರ. ಆಟಗಾರ್ತಿ ಅದುವರೆಗೆ ಗಳಿಸಿದ ಮೆಚ್ಚುಗೆಯ ಅಂಕಗಳು ನೂರು ಮುಟ್ಟಿದ್ದರೂ ಈ ಘಳಿಗೆಯಲ್ಲಿ ಅವಳ ನೆರವಿಗೆ ಬಾರವು. ತನ್ನದೇ ಧರ್ಮಸಂಕಟವುಳ್ಳ ಇಂಥ ಮನುಷ್ಯನನ್ನು ನಂಬದಿರುವುದು ಹೇಗೆ?

ಅದೇ ಸರಣಿಯ 2014ರ ‘ಇನ್ಕ್ವಿಜಿಷನ್’ನ ಸೊಲಾಸ್ ಇನ್ನೂ ದೂರ ಹೋದನು. ಎಲ್ಫ್ ಸ್ತ್ರೀಗೆ ಮಾತ್ರ ಒಲಿಯುವ ಈ ಪಂಡಿತನು ಅವಳನ್ನು ನಿರ್ಜನವಾದೊಂದು ವನಕ್ಕೆ ಕರೆದೊಯ್ದು, ಅವಳ ಜನರು ದೇವತೆಗಳ ಗೌರವಾರ್ಥವೆಂದು ಮುಖದ ಮೇಲೆ ಧರಿಸುವ ಹಚ್ಚೆಗಳು ಪುರಾತನ ಕಾಲದಲ್ಲಿ ಒಡೆಯರು ತಮ್ಮ ಗುಲಾಮರಿಗೆ ಹಾಕಿಸುತ್ತಿದ್ದ ಗುರುತುಗಳೆಂದು ತಿಳಿಸುತ್ತಾನೆ. ಅವಳು ಇಚ್ಛಿಸಿದರೆ ಅವನ್ನು ಅಳಿಸುತ್ತಾನೆ. ಮರುಕ್ಷಣವೇ ಈ ಪ್ರೇಮ ಮುಂದುವರಿಯಲಾರದೆಂದು ಹೇಳಿ ಹಿಂದೆ ಸರಿಯುತ್ತಾನೆ. ಕಾರಣವು ಕಥೆ ಮುಗಿದ ಮೇಲೆ ಹೊರಬೀಳುತ್ತದೆ: ಅವಳ ಜನರು ವಂಚಕನೆಂದು ಅಂಜುವ ದೇವತೆಯೇ ಅವನು. ಅಗಲಿಕೆಯ ಶೃಂಗಾರವಾದ ವಿಪ್ರಲಂಭಕ್ಕೆ ಇಷ್ಟು ಬಲವಾದ ಕಾರಣವನ್ನು ಒದಗಿಸಿದ ಆಟ ಮತ್ತೊಂದನ್ನು ನಾನು ಕಾಣೆ. ಎರಡನೆಯ ಸಲ ಆಡುವವಳಿಗೆ ಅವನ ಒಂದೊಂದು ಮೌನವೂ ಬೇರೊಂದು ಅರ್ಥವನ್ನು ಹೊಮ್ಮಿಸುತ್ತದೆ.

ಇನ್ನು ಬೆಲ್ಜಿಯಂನ ಲೇರಿಯನ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್ 3’ (2023). ಅದರ ರಕ್ತಪಿಪಾಸು ಆಸ್ಟೇರಿಯನ್ ಮೊದಲು ಎಷ್ಟು ಸುಲಭವಾಗಿ ಒಲಿಯುತ್ತಾನೆಂದರೆ ಆ ಸೌಲಭ್ಯದ ಮೇಲೆಯೇ ಸಂಶಯ ಬರಬೇಕು. ಮುಂದೆ ಒಬ್ಬಳು ಮದ್ದುಮಾರುವವಳು ತನ್ನನ್ನು ಕಚ್ಚೆಂದು ಅವನನ್ನು ಪೀಡಿಸುವಾಗ, ಅವನಿಗೆ ಇಷ್ಟವಿಲ್ಲದುದನ್ನು ಮಾಡಿಸದೆ ಅವನ ನಿರಾಕರಣೆಯನ್ನು ನಾಯಿಕೆ ಮನ್ನಿಸಿದರೆ, ಅವನು ಬಂದು ನಿಜವನ್ನು ಒಪ್ಪಿಕೊಳ್ಳುತ್ತಾನೆ: ಅವಳ ರಕ್ಷಣೆಯನ್ನು ಪಡೆಯಲೆಂದೇ ಆ ಮೊದಲ ಮೋಹಜಾಲವನ್ನು ಹೂಡಿದ್ದೆನು, ಈಗ ಅದು ಹೂಟವಾಗಿ ಉಳಿದಿಲ್ಲ, ಎಂದು. ಆಭಾಸವಾಗಿದ್ದುದೇ ಕಣ್ಣೆದುರಿಗೆ ರಸವಾಗಿ ಪರಿಣಮಿಸುವ ಪ್ರಸಂಗವಿದು.

ವಿರೋಧ

ಮೇಲಿನ ಮಾತುಗಳು ಸಂಗಡಿಗನ ಅರ್ಧವನ್ನು ಸಮರ್ಥಿಸಿದುವೇ ಹೊರತು ಪ್ರೇಮವನ್ನಲ್ಲ.

ಅಂಕಗಳ ವಿಚಾರವನ್ನು ಬೇಗನೆ ಮುಗಿಸಬಹುದು. ಗುಲಾಬಿಯ ಪ್ರಸಂಗ ಮನೋಹರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಅಲಿಸ್ಟೇರನ ಮುಂದೆ ಕಲ್ಲಿನ ಪುಟ್ಟ ಮೂರ್ತಿಗಳನ್ನೂ ರೂನ್ ಶಿಲೆಗಳನ್ನೂ ಒಂದೇ ನಿಲುವಿನಲ್ಲಿ ಒಂದರ ಮೇಲೊಂದು ಸುರಿದು ಅವನ ಮೆಚ್ಚುಗೆಯನ್ನು ಏರಿಸಲು ಆಟ ಅವಕಾಶ ಕೊಡುತ್ತದೆ. ಹೀಗೆ ಕೊಂಡುಕೊಂಡ ಒಲವಿಗೂ ಮಾತಿನಿಂದ ಬೆಳೆದ ಒಲವಿಗೂ ಅವನಲ್ಲಿ ಭೇದ ಕಾಣಿಸುವುದಿಲ್ಲ.

ನಿರಾಕರಿಸುವವನು ನಂಬಿಕೆಗೆ ಅರ್ಹನೆಂಬ ವಾದವೂ ಎಲ್ಲೆಡೆ ನಿಲ್ಲದು. 2010ರ ‘ಮ್ಯಾಸ್ ಎಫೆಕ್ಟ್ 2’ರಲ್ಲಿ ನಾಯಿಕೆ ಶೆಪರ್ಡಳಿಗೆ ಒಲಿಯುವ ಜೇಕಬ್ ಟೇಲರ್, 2012ರ ಮುಂದಿನ ಭಾಗದಲ್ಲಿ ಸಿಕ್ಕಾಗ, ವಿಜ್ಞಾನಿಯೊಬ್ಬಳ ಜತೆಗೂಡಿ ಅವಳ ಮಗುವಿನ ತಂದೆಯಾಗಲಿದ್ದಾನೆ. ಅವನೂ ತೊರೆದವನೇ. ಆದರೆ ಅಲಿಸ್ಟೇರನ ತ್ಯಾಗಕ್ಕಿರುವ ರಾಜಧರ್ಮವಾಗಲಿ ಸೊಲಾಸನ ಅಗಲಿಕೆಗಿರುವ ಪಾಪಪ್ರಜ್ಞೆಯಾಗಲಿ ಇಲ್ಲಿಲ್ಲ. ಹಿಂದಿನ ಭಾಗದಲ್ಲಿ ಕಂಡ ಮನುಷ್ಯನ ಸ್ವಭಾವದಿಂದ ಈ ನಡತೆ ಹುಟ್ಟುವುದೇ ಇಲ್ಲ. ಔಚಿತ್ಯವಿಲ್ಲದ ನಿರಾಕರಣೆ ಔಚಿತ್ಯವಿಲ್ಲದ ಸ್ವೀಕಾರದಷ್ಟೇ ಟೊಳ್ಳಾದುದು.

ನನ್ನ ಮುಖ್ಯವಾದ ಆಕ್ಷೇಪ ಬೇರೆ. ಈ ಪ್ರಣಯಗಳಲ್ಲಿ ಹೆಣ್ಣಿನ ಪಾಲಿಗೆ ಬಂದಿರುವ ಕೆಲಸ ಯಾವುದು? ಅನೊಮೆನನ ತಂಗಿ ಕೊಲೆಯಾಗಿದ್ದಾಳೆ. ಸೇಡು ತೀರಿಸಿಕೊಳ್ಳಲೆ ಬೇಡವೆ ಎಂಬ ಅವನ ತೊಳಲಾಟಕ್ಕೆ ಅವಳು ಬುದ್ಧಿ ಹೇಳಬೇಕು. 2003ರ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ನ ಕಾರ್ತ್ ಒನಾಸಿ ಹೆಂಡತಿಯನ್ನು ಕಳೆದುಕೊಂಡು ಯಾರನ್ನೂ ನಂಬದವನು, ಅವನ ಅಪನಂಬಿಕೆಯನ್ನು ಅವಳು ಕರಗಿಸಬೇಕು. ‘ಡ್ರ್ಯಾಗನ್ ಏಜ್’ ಸರಣಿಯ ಫೆನ್ರಿಸನಿಗೆ ಗುಲಾಮಗಿರಿಯ ನೆನಪು, ‘ಮ್ಯಾಸ್ ಎಫೆಕ್ಟ್’ ಸರಣಿಯ ಥೇನನಿಗೆ ಸತ್ತ ಹೆಂಡತಿಯ ನೆನಪು, ಆಸ್ಟೇರಿಯನನಿಗೆ ಇನ್ನೂರು ವರ್ಷದ ದಾಸ್ಯದ ನೆನಪು. ಗಾಯಗಳೆಲ್ಲವೂ ಅವನವು, ಕೇಳುವುದು, ಸಂತೈಸುವುದು, ಕಾದಿರುವುದು ಅವಳ ಪಾಲು. ‘ಮ್ಯಾಸ್ ಎಫೆಕ್ಟ್’ ಸರಣಿಯಲ್ಲಿ ಹಳೆಯ ಗೆಳೆತನದಿಂದ ಒಲವಿಗೆ ತಿರುಗಿದ ಗ್ಯಾರಸ್ ಒಬ್ಬನು ಅವಳ ಹೊರೆಗೂ ಹೆಗಲು ಕೊಡುತ್ತಾನೆಂದು ಹೇಳಬಹುದು. ಅಷ್ಟೊಂದು ಆಟಗಾರ್ತಿಯರಿಗೆ ಅವನು ಆಪ್ತನಾಗಿರುವುದು ನನಗೆ ಆಶ್ಚರ್ಯವನ್ನುಂಟುಮಾಡುವುದಿಲ್ಲ. ಉಳಿದ ಕಡೆ ಪ್ರೇಮವು ದೀರ್ಘವಾದ ಶುಶ್ರೂಷೆಯಾಗಿಬಿಡುತ್ತದೆ.

ನಾಯಿಕೆಗೂ ಪೂರ್ವಕಥೆ ಇಲ್ಲವೆ? ಇದೆ, ಅದೂ ಒಮ್ಮೊಮ್ಮೆ ಎದೆ ನಡುಗಿಸುವಂಥದು. ‘ಒರಿಜಿನ್ಸ್’ನಲ್ಲಿ ನಗರವಾಸಿ ಎಲ್ಫ್ ಹೆಣ್ಣಾಗಿ ಆಟವನ್ನು ಆರಂಭಿಸಿದರೆ ಮೊದಲ ದೃಶ್ಯವೇ ಅವಳ ಮದುವೆಯ ದಿನ. ನೆಲಾರೋಸನೆಂಬ ವರನು ಪರವೂರಿನಿಂದ ಬಂದಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡುದು ಅದೇ ಬೆಳಿಗ್ಗೆ. ವಿಧಿ ಮುಗಿಯುವುದರೊಳಗೆ ಸಾಮಂತನ ಮಗ ತನ್ನ ಆಳುಗಳೊಡನೆ ನುಗ್ಗಿ ಮದುಮಗಳನ್ನೂ ಅವಳ ಬಂಧುವರ್ಗದ ಹೆಣ್ಣುಗಳನ್ನೂ ಹೊತ್ತೊಯ್ಯುತ್ತಾನೆ. ಬಿಡಿಸಿಕೊಳ್ಳಲು ಬಂದ ನೆಲಾರೋಸ್ ಅವಳ ಕಣ್ಣೆದುರಿಗೇ ಸಾಯುತ್ತಾನೆ. ಅವನು ಅವಳಿಗೆಂದು ತಂದಿದ್ದ ಉಂಗುರ ಅವಳ ಕೈಸೇರುತ್ತದೆ. ಸೋದರ ಸಂಬಂಧಿ ಶಿಯಾನಿಯ ಮಾನಭಂಗವಾಗಿರುತ್ತದೆ. ಈ ಹೆಣ್ಣೇ ಮುಂದೆ ಅಲಿಸ್ಟೇರನ ಬಿಡಾರಕ್ಕೆ ಬಂದು ಕೂಡುವವಳು. ಅವನಾದರೋ ಗುರು ಡಂಕನನ ಮರಣವನ್ನು ನೆನೆದು ಕೊರಗುತ್ತಾನೆ, ಅವಳು ಆಲಿಸುತ್ತಾಳೆ. ಮಲಸೋದರಿ ಗೋಲ್ಡಾನಳನ್ನು ಕಾಣಲು ಡೆನರಿಮ್‌ಗೆ ಹೋಗಬೇಕೆನ್ನುತ್ತಾನೆ, ಅವಳು ಜತೆಗೆ ಹೋಗುತ್ತಾಳೆ. ಆ ಮಲಸೋದರಿ ಕಟುವಾಗಿ ಮಾತನಾಡಿ ಕಳುಹಿಸಿದಾಗ ಅವನಿಗೆ ಸಮಾಧಾನ ಹೇಳುವವಳೂ ಅವಳೇ. ಇದಕ್ಕೆ ಸಮನಾದ ವಿಸ್ತಾರದಲ್ಲಿ, ಸತ್ತ ಮದುಮಗನ ಉಂಗುರವನ್ನು ಹೊತ್ತಿರುವ ಹೆಣ್ಣಿನ ಶೋಕವನ್ನು ಅವನು ವಿಚಾರಿಸುವ ಸಂಭಾಷಣೆಯೊಂದು ಆ ಆಟದಲ್ಲಿ ಇಲ್ಲ.

ಆರು ಬಗೆಯ ಜನ್ಮವೃತ್ತಾಂತಗಳಿಗೂ ಬೇರೆಬೇರೆಯಾಗಿ ಮಾತು ಬರೆದು ನಟರ ದನಿಯಲ್ಲಿ ಮುದ್ರಿಸುವುದು ಅಪಾರ ವೆಚ್ಚದ ಕೆಲಸವೆಂದು, ನಾಯಿಕೆಯ ದುಃಖವನ್ನು ಆಡುವವಳ ಕಲ್ಪನೆಗೇ ಬಿಟ್ಟಿದ್ದಾರೆಂದು, ಸಮಾಧಾನ ಹೇಳುವವರುಂಟು. ವೆಚ್ಚದ ಮಾತು ನಿಜ. ಆದರೆ ಯಾವ ಕುಲದಲ್ಲಿ ಹುಟ್ಟಿದವಳು ರಾಣಿಯಾಗಬಹುದು, ಯಾವ ಕುಲದವಳು ಕೂಡದು ಎಂಬುದನ್ನು ನಿರ್ಣಯಿಸುವಾಗ ಅವಳ ಜನ್ಮವೃತ್ತಾಂತವನ್ನು ಅಷ್ಟು ಜಾಗರೂಕತೆಯಿಂದ ಲಕ್ಷ್ಯಕ್ಕೆ ತಂದುಕೊಂಡ ಲೇಖನಿಯೇ, ಅವಳು ಯಾರನ್ನು ಕಳೆದುಕೊಂಡು ಬಂದಳೆಂದು ಪ್ರಿಯಕರನ ಬಾಯಿಂದ ಕೇಳಿಸಬೇಕಾದಲ್ಲಿ ಅದನ್ನು ಮರೆತುಬಿಟ್ಟಿತು.