ಮನೆತನದ ಹೆಸರೂ ಮತದಾರನ ಪ್ರಶ್ನೆಯೂ

ಗಿಂಡಿಯ ಸರ್ದಾರ್ ಪಟೇಲ್ ರಸ್ತೆಯಲ್ಲಿ ಮುಂಜಾನೆ ಕೆಲಸಕ್ಕೆ ಹೊರಡುವ ನಮ್ಮ ಹೋಟೆಲ್ ನೌಕರರೂ, ಕಛೇರಿಯ ಬಸ್ಸಿಗಾಗಿ ಕಾದು ನಿಲ್ಲುವ ನಮ್ಮ ಗುಮಾಸ್ತರೂ ಎರಡು ಸ್ಥಳಗಳನ್ನು ದಿನವೂ ಕಾಣುತ್ತಾರೆ. ಒಂದು, ರಾಜ್ಯಪಾಲರ ನಿವಾಸ. ಇನ್ನೊಂದು, ಗಾಂಧೀ ಮಂಟಪದ ಆವರಣದಲ್ಲಿರುವ ಶ್ರೀ ಕಾಮರಾಜರ ಸ್ಮಾರಕ. ಚುನಾವಣೆಯ ಮಾತು ಬಂದಾಗಲೆಲ್ಲ ಈ ಎರಡು ಸ್ಥಳಗಳೂ ಒಟ್ಟಾಗಿ ನಮ್ಮ ನೆನಪಿಗೆ ಬರುತ್ತವೆ.

ಶ್ರೀ ಕಾಮರಾಜರು ೧೯೫೪ರಿಂದ ೧೯೬೩ರವರೆಗೆ ಈ ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಅವರಿಗೆ ಹೇಳಿಕೊಳ್ಳುವಂತಹ ಮನೆತನವಿರಲಿಲ್ಲ, ಹೆಚ್ಚಿನ ಓದೂ ಇರಲಿಲ್ಲ. ಮದುವೆಯಾಗದ ಅವರು ತಮ್ಮ ಸ್ಥಾನಕ್ಕೆ ಮಗನನ್ನಾಗಲಿ ಮಗಳನ್ನಾಗಲಿ ಬಿಟ್ಟುಹೋಗಲಿಲ್ಲ. ಅಂತಹವರನ್ನೂ ೧೯೬೭ರಲ್ಲಿ ಅವರ ಹುಟ್ಟೂರಾದ ವಿರುದುನಗರದ ಮತದಾರರು ಒಬ್ಬ ವಿದ್ಯಾರ್ಥಿ ಮುಖಂಡನೆದುರು ಸೋಲಿಸಿದರು. ಮತದಾರನ ಮುಂದೆ ಯಾವ ಹೆಸರೂ ದೊಡ್ಡದಲ್ಲವೆಂಬುದನ್ನು ತಮಿಳುನಾಡು ಅಂದು ತೋರಿಸಿಕೊಟ್ಟಿತು. ಅದೇ ರಸ್ತೆಯ ಇನ್ನೊಂದು ಸ್ಥಳದಲ್ಲಿ, ಅಂದರೆ ರಾಜಭವನದಲ್ಲಿ, ೨೦೨೨ರ ಡಿಸೆಂಬರ್ ೧೪ರಂದು ಶ್ರೀ ಉದಯನಿಧಿಯವರು ಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ತಂದೆಯವರು ಆಗ ಮುಖ್ಯಮಂತ್ರಿಗಳು. ತಾತನವರು ಐದು ಬಾರಿ ಮುಖ್ಯಮಂತ್ರಿಗಳಾಗಿದ್ದವರು. ಮೊದಲ ಸಲ ಶಾಸಕರಾಗಿ ನಾಲ್ಕು ವರ್ಷ ತುಂಬುವ ಮೊದಲೇ, ೨೦೨೪ರಲ್ಲಿ, ಅವರು ಉಪಮುಖ್ಯಮಂತ್ರಿಗಳೂ ಆದರು.

ಒಂದು ಪಕ್ಷವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ನೆರೆಮನೆಯ ದೋಸೆಯಲ್ಲಿ ತೂತು ಹುಡುಕುವವನು ಮೊದಲು ತನ್ನ ಮನೆಯ ಕಾವಲಿಯನ್ನು ನೋಡಿಕೊಳ್ಳಬೇಕು. ಈ ವಿಷಯದಲ್ಲಿ ನಮ್ಮ ಕನ್ನಡನಾಡು ತಮಿಳುನಾಡಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ.

ಶಿವಮೊಗ್ಗೆಯನ್ನು ನೋಡೋಣ. ೨೦೧೮ರ ನವೆಂಬರ್ ತಿಂಗಳಲ್ಲಿ ಅಲ್ಲಿ ಲೋಕಸಭೆಯ ಒಂದು ಸ್ಥಾನಕ್ಕೆ ಉಪಚುನಾವಣೆ ನಡೆಯಿತು. ಶ್ರೀ ಯಡಿಯೂರಪ್ಪನವರ ಪುತ್ರ ಶ್ರೀ ರಾಘವೇಂದ್ರ, ಶ್ರೀ ಬಂಗಾರಪ್ಪನವರ ಪುತ್ರ ಶ್ರೀ ಮಧು, ಶ್ರೀ ಜೆ. ಎಚ್. ಪಟೇಲರ ಪುತ್ರ ಶ್ರೀ ಮಹಿಮಾ ಪಟೇಲ್ – ಹೀಗೆ ಮುಖ್ಯಮಂತ್ರಿಗಳಾಗಿದ್ದ ಮೂವರ ಮೂವರು ಮಕ್ಕಳು ಒಂದೇ ಕ್ಷೇತ್ರದಲ್ಲಿ, ಮೂರು ಪಕ್ಷಗಳ ಹೆಸರಿನಲ್ಲಿ ನಿಂತರು. ೨೦೨೪ರ ಮಹಾಚುನಾವಣೆಯಲ್ಲಿ ಅದೇ ಕ್ಷೇತ್ರದಲ್ಲಿ ಶ್ರೀ ರಾಘವೇಂದ್ರರಿಗೆ ಎದುರಾದವರು ಬಂಗಾರಪ್ಪನವರ ಪುತ್ರಿಯೂ ಡಾ. ರಾಜಕುಮಾರರ ಸೊಸೆಯೂ ಆದ ಶ್ರೀಮತಿ ಗೀತಾ ಶಿವರಾಜಕುಮಾರ್. ಒಂದೇ ಮನೆತನದ ರಾಜಕಾರಣವನ್ನು ವಿರೋಧಿಸುತ್ತೇನೆಂದು ಹೇಳಿ ಪಕ್ಷೇತರರಾಗಿ ಕಣಕ್ಕಿಳಿದ ಶ್ರೀ ಈಶ್ವರಪ್ಪನವರ ಮುನಿಸಿಗೂ ತಮ್ಮ ಮಗನಿಗೆ ಹಾವೇರಿಯಲ್ಲಿ ಟಿಕೆಟು ಸಿಗದಿದ್ದುದೇ ಕಾರಣವಾಗಿತ್ತು!

ಇದೇ ಶಿವಮೊಗ್ಗ ಜಿಲ್ಲೆಯ ಹಿಂದಿನ ಕಥೆಯನ್ನು ಬಲ್ಲವರಿಗೆ ಇದು ನೋವಿನ ಸಂಗತಿಯಾಗಿ ತೋರದಿರದು. ಕಾಗೋಡಿನ ಗೇಣಿದಾರರ ಪರವಾಗಿ ೧೯೫೧ರಲ್ಲಿ ಹೋರಾಡಿ, ಮರುವರ್ಷದ ಮೊದಲನೆಯ ಮಹಾಚುನಾವಣೆಯಲ್ಲಿ ಗೆದ್ದುಬಂದ ಶಾಂತವೇರಿ ಗೋಪಾಲಗೌಡರಿಗೆ ಹಣವಿರಲಿಲ್ಲ, ಮನೆತನದ ಬಲವಿರಲಿಲ್ಲ. ಇದ್ದುದು ನಾಲಗೆಯ ಸತ್ಯ ಮಾತ್ರ. ಆ ಸಮಾಜವಾದಿ ಪರಂಪರೆಯಲ್ಲಿಯೇ ಬೆಳೆದ ಶ್ರೀ ಜೆ. ಎಚ್. ಪಟೇಲರು ೧೯೬೭ರಲ್ಲಿ ಶಿವಮೊಗ್ಗೆಯಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದರು. ಅದೇ ವರ್ಷ ಶ್ರೀ ಬಂಗಾರಪ್ಪನವರು ಸೊರಬದಿಂದ ಮೊದಲ ಬಾರಿ ಶಾಸನಸಭೆಗೆ ಬಂದರು. ಇನ್ನೊಂದು ಪಕ್ಷದ ಶ್ರೀ ಯಡಿಯೂರಪ್ಪನವರಾದರೋ, ಶಿಕಾರಿಪುರದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತೆಯಾಗಿದ್ದವರು. ನಮ್ಮ ವಾಚಕರಲ್ಲಿ ಅನೇಕರು ಮಾಡುವಂತಹ ಲೆಕ್ಕಪತ್ರದ ಕೆಲಸವನ್ನೇ ಮಾಡುತ್ತಿದ್ದು, ಹಳ್ಳಿಹಳ್ಳಿ ತಿರುಗಿ, ಜನರೆದುರು ನಿಂತು, ೧೯೮೩ರಲ್ಲಿ ಶಾಸಕರಾದರು. ಇವರ ರಾಜಕೀಯದಲ್ಲಿ ನಮಗೆ ಒಪ್ಪಿಗೆಯಾಗದ ಸಂಗತಿಗಳು ಬೇಕಾದಷ್ಟು ಇರಬಹುದು. ಆದರೆ ಇವರೆಲ್ಲ ತಮ್ಮ ಹೆಸರನ್ನು ತಾವೇ ಸಂಪಾದಿಸಿದರು. ತಂದೆಯರು ಮಾತಿನಿಂದ ಹೆಸರನ್ನು ಗಳಿಸಿದರು; ಮಕ್ಕಳು ಹೆಸರಿದೆಯೆಂದು ಮಾತನ್ನು ಉಳಿಸಿಕೊಳ್ಳುತ್ತಿದ್ದಾರೆ. ಈ ಐವತ್ತು ವರ್ಷಗಳಲ್ಲಿ ನಮಗಾದ ನಷ್ಟವೆಂದರೆ ಇದೇ.

ಪುತ್ರನಾದ ಮಾತ್ರಕ್ಕೆ ಯಾರೂ ಅನರ್ಹರಲ್ಲ. ತಂದೆಯವರ ಹೋಟೆಲಿನ ಗಲ್ಲಾದಲ್ಲಿ ಮಗನು ಕುಳಿತರೆ ನಾವು ಆಕ್ಷೇಪಿಸುವುದಿಲ್ಲ. ಕಡಂದಲೆಯಿಂದ ಈ ಊರಿಗೆ ಬಂದು, ಅಡಿಗೆಮನೆಯ ಕೆಲಸದಿಂದ ಆರಂಭಿಸಿ, ವುಡ್‌ಲ್ಯಾಂಡ್ಸಿನ ಹೆಸರನ್ನು ಊರೂರಿಗೆ ಮುಟ್ಟಿಸಿದ ಶ್ರೀ ಕೃಷ್ಣರಾಯರಂತಹವರ ಉದಾಹರಣೆಯನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಹೋಟೆಲಿನಲ್ಲಿ ಒಂದು ನ್ಯಾಯವುಂಟು. ಬೋರ್ಡು ಹಿರಿಯರದಾಗಿರಬಹುದು, ಸಾಂಬಾರು ಇಂದಿನದೇ ಆಗಿರಬೇಕು. ಸಾಂಬಾರು ಹಳಸಿದ್ದರೆ ಬೋರ್ಡಿನ ಮೇಲಿನ ಹೆಸರನ್ನು ನೋಡಿ ಯಾವ ಗಿರಾಕಿಯೂ ಸುಮ್ಮನೆ ಎದ್ದುಹೋಗುವುದಿಲ್ಲ. ಸಪ್ಲಾಯರನ್ನು ಕರೆಯುತ್ತಾನೆ, ಅವನಿಂದ ಉತ್ತರ ಸಿಗದಿದ್ದರೆ ಗಲ್ಲಾದವರೆಗೆ ಬರುತ್ತಾನೆ. ಐವತ್ತು ರೂಪಾಯಿಯ ತಿಂಡಿಗೆ ಇರುವ ಈ ಹಕ್ಕು ಐದು ವರ್ಷದ ಅಧಿಕಾರವನ್ನು ಕೊಡುವ ಮತದಾರನಿಗೆ ಏಕೆ ಇರಬಾರದು?

ಹೆಸರೊಂದರಿಂದಲೇ ತೀರ್ಮಾನಕ್ಕೆ ಬರಲಾಗದೆಂಬುದಕ್ಕೆ ಸೊರಬವೇ ಸಾಕ್ಷಿ. ಅಲ್ಲಿ ಬಂಗಾರಪ್ಪನವರ ಇಬ್ಬರು ಪುತ್ರರು ಒಬ್ಬರಿಗೊಬ್ಬರು ಎದುರಾಗಿ ನಿಂತರು. ೨೦೧೮ರಲ್ಲಿ ಶ್ರೀ ಕುಮಾರ್ ಗೆದ್ದರು, ೨೦೨೩ರಲ್ಲಿ ಶ್ರೀ ಮಧು ಗೆದ್ದರು. ಎರಡು ಕಡೆಯೂ ಅದೇ ಹೆಸರಿದ್ದಾಗ ಮತದಾರನು ಹೆಸರನ್ನು ಬಿಟ್ಟು ಬೇರೆ ಏನನ್ನಾದರೂ ತೂಗಲೇಬೇಕಾಯಿತು. ೨೦೨೪ರ ನವೆಂಬರಿನಲ್ಲಿ ಕರ್ನಾಟಕದ ಮೂರು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಲೋಕಸಭೆಗೆ ಹೋದ ಮೂವರು ಬಿಟ್ಟ ಸ್ಥಾನಗಳಿಗೆ ಅವರವರ ಮನೆಯವರೇ ಉಮೇದುವಾರರಾದರು: ಚನ್ನಪಟ್ಟಣದಲ್ಲಿ ಶ್ರೀ ಕುಮಾರಸ್ವಾಮಿಯವರ ಪುತ್ರ, ಶಿಗ್ಗಾಂವಿಯಲ್ಲಿ ಶ್ರೀ ಬಸವರಾಜ ಬೊಮ್ಮಾಯಿಯವರ ಪುತ್ರ, ಸಂಡೂರಿನಲ್ಲಿ ಶ್ರೀ ತುಕಾರಾಮರ ಪತ್ನಿ. ಸಂಡೂರಿನವರು ಗೆದ್ದರು, ಉಳಿದಿಬ್ಬರು ಸೋತರು. ಪಕ್ಷಗಳಿಗೆ ಇಲ್ಲದ ವಿವೇಚನೆ ಮತದಾರನಿಗೆ ಇದೆಯೆಂದು ಇದರಿಂದ ಸಮಾಧಾನಪಡಬಹುದು. ಆದರೆ ಯಾರನ್ನಾದರೂ ತೂಗಬೇಕಾದರೆ ತಕ್ಕಡಿ ಬೇಕು. ಉಮೇದುವಾರರನ್ನು ಎದುರುಬದುರು ಕೂರಿಸಿ ಪ್ರಶ್ನೆ ಕೇಳುವ ಸಭೆಯೇ ಆ ತಕ್ಕಡಿ. ಅದು ನಮ್ಮಲ್ಲಿಲ್ಲ.

ಪಂಥಾಹ್ವಾನಗಳಿಗೇನೂ ಕೊರತೆಯಿಲ್ಲ. ೨೦೧೮ರ ಮೇ ತಿಂಗಳಲ್ಲಿ ಪ್ರಧಾನಮಂತ್ರಿ ಶ್ರೀ ಮೋದಿಯವರು ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯ ಸಭೆಯಲ್ಲಿ, ಕರ್ನಾಟಕ ಸರ್ಕಾರದ ಸಾಧನೆಗಳ ಬಗ್ಗೆ ಕಾಗದ ನೋಡದೆ ೧೫ ನಿಮಿಷ ಮಾತನಾಡಿರೆಂದು ಶ್ರೀ ರಾಹುಲ್ ಗಾಂಧಿಯವರಿಗೆ ಸವಾಲು ಹಾಕಿದರು. ಯಡಿಯೂರಪ್ಪನವರ ಸರ್ಕಾರದ ಸಾಧನೆಗಳ ಬಗ್ಗೆ ನೀವು ಕಾಗದ ನೋಡಿಕೊಂಡಾದರೂ ೧೫ ನಿಮಿಷ ಮಾತನಾಡಿರೆಂದು ಆಗಿನ ಮುಖ್ಯಮಂತ್ರಿ ಶ್ರೀ ಸಿದ್ಧರಾಮಯ್ಯನವರು ಮರುಸವಾಲು ಹಾಕಿದರು. ಎರಡು ಕಡೆಯ ಅಭಿಮಾನಿಗಳೂ ಚಪ್ಪಾಳೆ ತಟ್ಟಿದರು. ಇಬ್ಬರೂ ಒಂದೇ ವೇದಿಕೆಗೆ ಬರಲಿಲ್ಲ. ಅಖಾಡಕ್ಕೆ ಇಳಿಯದೆ ದೂರದಲ್ಲಿಯೇ ನಿಂತು ತೊಡೆ ತಟ್ಟುವುದಕ್ಕೆ ಕುಸ್ತಿಯೆಂದು ಹೆಸರಲ್ಲ.

೨೦೨೪ರ ಮೇ ತಿಂಗಳಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ನಿವೃತ್ತ ನ್ಯಾಯಾಧೀಶರಾದ ಶ್ರೀ ಮದನ್ ಲೋಕೂರ್ ಮತ್ತು ಶ್ರೀ ಎ. ಪಿ. ಶಾ ಅವರೂ, ಈ ಮದರಾಸಿನ ಹಿರಿಯ ಪತ್ರಿಕೋದ್ಯಮಿ ಶ್ರೀ ಎನ್. ರಾಮ್ ಅವರೂ ಕೂಡಿ, ಪಕ್ಷಾತೀತವಾದ ವೇದಿಕೆಯಲ್ಲಿ ಬಹಿರಂಗ ಚರ್ಚೆಗೆ ಬರಬೇಕೆಂದು ಶ್ರೀ ಮೋದಿಯವರಿಗೂ ಶ್ರೀ ರಾಹುಲರಿಗೂ ಪತ್ರ ಬರೆದರು. ರಾಹುಲರು ಒಪ್ಪಿದರು. ಎದುರು ಪಕ್ಷದವರು, ಇವರೇನು ಪ್ರಧಾನಿ ಪದವಿಗೆ ಉಮೇದುವಾರರೇ ಎಂದು ಕೇಳಿ, ತಮ್ಮ ಯುವಮೋರ್ಚಾದ ಉಪಾಧ್ಯಕ್ಷರನ್ನು ಕಳುಹಿಸುತ್ತೇವೆಂದರು. ಚರ್ಚೆ ನಡೆಯಲಿಲ್ಲ. ಮನೆತನದ ಬಲದಿಂದಲೇ ಮೇಲೆ ಬಂದರೆಂದು ಟೀಕಿಸಲ್ಪಟ್ಟವರು ವೇದಿಕೆಗೆ ಸಿದ್ಧರಾದರು. ಮನೆತನದ ರಾಜಕಾರಣವನ್ನು ಟೀಕಿಸುತ್ತ ಬಂದವರು ಬರಲಿಲ್ಲ. ಹೆಸರಿನ ಹಿಂದೆ ಅಡಗುವುದು ಒಂದು ತಪ್ಪು, ಪದವಿಯ ಹಿಂದೆ ಅಡಗುವುದು ಇನ್ನೊಂದು ತಪ್ಪು. ಮತದಾರನ ಪಾಲಿಗೆ ಎರಡರ ಫಲವೂ ಒಂದೇ.

ಹೊರದೇಶಗಳಲ್ಲಿಯೂ ಈ ಪದ್ಧತಿ ತಾನಾಗಿಯೇ ಬೆಳೆದುದಲ್ಲ. ೧೯೬೦ರ ಸೆಪ್ಟೆಂಬರ್ ೨೬ರಂದು ಅಮೆರಿಕದ ಶ್ರೀ ಕೆನೆಡಿ ಮತ್ತು ಶ್ರೀ ನಿಕ್ಸನ್ನರು ದೂರದರ್ಶನದಲ್ಲಿ ಎದುರುಬದುರಾಗಿ ಚರ್ಚಿಸಿದರು. ಕೆನೆಡಿಯವರು ದೊಡ್ಡ ಶ್ರೀಮಂತರ, ರಾಯಭಾರಿಯಾಗಿದ್ದವರ ಮಗ. ಆದರೂ ಕುಳಿತು ಉತ್ತರ ಕೊಟ್ಟರು. ಆ ಚುನಾವಣೆಯ ಬಳಿಕ ೧೯೭೬ರವರೆಗೆ ಅಧ್ಯಕ್ಷಪದವಿಯ ಉಮೇದುವಾರರ ನಡುವೆ ಅಂತಹ ಚರ್ಚೆಯೇ ನಡೆಯಲಿಲ್ಲ. ಜನರು ಕೇಳದಿದ್ದರೆ ನಾಯಕರು ಎಲ್ಲಿಯೂ ತಾವಾಗಿ ಬರುವುದಿಲ್ಲ.

ನಮ್ಮ ಕಾನೂನಿನಲ್ಲಿ ಇದಕ್ಕೆ ಆಧಾರವಿದೆಯೇ ಎಂದು ಕೆಲವರು ಕೇಳಬಹುದು. ಸುಪ್ರೀಂ ಕೋರ್ಟು ೨೦೦೨ರಲ್ಲಿಯೂ ೨೦೦೩ರಲ್ಲಿಯೂ ಕೊಟ್ಟ ತೀರ್ಪುಗಳ ಫಲವಾಗಿ, ಪ್ರತಿಯೊಬ್ಬ ಉಮೇದುವಾರನೂ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ ಮತ್ತು ತನ್ನ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕಾಗಿದೆ. ಉಮೇದುವಾರನನ್ನು ಕುರಿತು ತಿಳಿಯುವ ಹಕ್ಕು ಮತದಾರನಿಗುಂಟೆಂದು ಇದರಿಂದ ಸ್ಥಿರಪಟ್ಟಿತು. ಆದರೆ ಅವನು ಮುಂದೆ ಏನು ಮಾಡುತ್ತಾನೆಂಬುದನ್ನು ಆ ಕಾಗದ ಹೇಳುವುದಿಲ್ಲ. ಎದುರಾಳಿಯೊಡನೆ ಕುಳಿತು ಉತ್ತರ ಕೊಡಬೇಕೆಂಬ ಕಾನೂನು ಇಲ್ಲ. ಕೊಡಬಾರದೆಂಬ ಕಾನೂನೂ ಇಲ್ಲ.

ಇಂತಹ ವೇದಿಕೆ ನಮ್ಮವರಿಗೆ ಅಪರಿಚಿತವೇ? ದಕ್ಷಿಣ ಕನ್ನಡ, ಉಡುಪಿ ಕಡೆಯ ಹೋಟೆಲ್ ನೌಕರರನ್ನು ಕೇಳಿದರೆ ಸಾಕು, ತಾಳಮದ್ದಳೆಯ ನೆನಪು ಮಾಡಿಕೊಡುತ್ತಾರೆ. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಕಿರೀಟವಿಲ್ಲ. ಕೃಷ್ಣನೂ ಕೌರವನೂ ಬರಿಯ ಅಂಗಿ ಪಂಚೆಯಲ್ಲಿ ಎದುರುಬದುರು ಕುಳಿತು ಮಾತನಾಡಬೇಕು. ಎದುರಿನವನು ಎತ್ತಿದ ಪ್ರಶ್ನೆಗೆ ಅಲ್ಲಿಯೇ ಉತ್ತರ ಬರಬೇಕು. ಪ್ರಸಿದ್ಧ ಅರ್ಥಧಾರಿಯ ಮಗನೆಂಬ ಕಾರಣಕ್ಕೆ ಸಭೆಯು ಯಾರಿಗೂ ರಿಯಾಯಿತಿ ತೋರುವುದಿಲ್ಲ. ರಾತ್ರಿಯಿಡೀ ಕುಳಿತು ಇಬ್ಬರ ವಾದವನ್ನೂ ಆಲಿಸಿ, ಯಾರದು ಮೇಲೆಂದು ನಿರ್ಣಯಿಸುವ ಶಕ್ತಿಯುಳ್ಳ ಜನ ನಾವು. ಅದೇ ಜನ, ಚುನಾವಣೆಯ ಕಾಲದಲ್ಲಿ ಜೀಪಿನ ಮೇಲಿಂದ ಕೈಮುಗಿದು ಹೋಗುವ ಮುಖವೊಂದನ್ನು ನೋಡಿ ತೃಪ್ತಿಪಡುತ್ತಿರುವುದು ವಿಚಿತ್ರವಲ್ಲವೇ?

ವಾಕ್ಚಾತುರ್ಯವಿದ್ದವನೇ ಗೆದ್ದುಬಿಡುತ್ತಾನೆ, ಕೆಲಸಗಾರನು ಸೋಲುತ್ತಾನೆ ಎಂಬ ಆಕ್ಷೇಪಣೆಯೊಂದುಂಟು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಶ್ರೀ ಕಾಮರಾಜರು ವಾಗ್ಮಿಗಳಾಗಿರಲಿಲ್ಲ. ಅಹವಾಲು ತಂದವರಿಗೆ “ಪಾರ್ಕಲಾಂ”, ನೋಡೋಣ, ಎಂದಷ್ಟೇ ಹೇಳುತ್ತಿದ್ದರೆಂಬುದು ಇಲ್ಲಿ ಮನೆಮಾತು. ಆದರೆ ನಾವು ಕೇಳುತ್ತಿರುವುದು ಭಾಷಣವನ್ನಲ್ಲ, ಉತ್ತರವನ್ನು. ಬೆಡಗಿನ ಮಾತಿಗೆ ಮರುಳಾಗುವ ಭಯ ಒಬ್ಬನೇ ಮಾತನಾಡುವ ಸಭೆಯಲ್ಲಿಯೇ ಹೆಚ್ಚು. ಎದುರಿನಲ್ಲಿ ತಿದ್ದುವವನೊಬ್ಬನಿದ್ದರೆ ಸುಳ್ಳು ಹೆಚ್ಚು ದೂರ ಓಡಲಾರದು.

ಗಿಂಡಿಯ ಕನ್ನಡಿಗನಿಗೆ ಕೇಳಬೇಕಾದ ಪ್ರಶ್ನೆಗಳೇನೂ ಕಡಮೆಯಿಲ್ಲ. ೨೦೦೬ರ ತಮಿಳು ಕಲಿಕೆಯ ಕಾಯಿದೆ ಬಂದ ಮೇಲೆ, ಕನ್ನಡವನ್ನು ಓದುತ್ತಿದ್ದ ನಮ್ಮ ಮಕ್ಕಳ ಪರೀಕ್ಷೆಯ ವಿಷಯ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದೆ. ನೆಲದ ಭಾಷೆಯನ್ನು ಗೌರವದಿಂದ ಕಲಿಯುತ್ತಲೇ ತಾಯಿನುಡಿಯನ್ನು ಉಳಿಸಿಕೊಳ್ಳುವುದು ಹೇಗೆ? ಹೋಟೆಲ್ ನೌಕರನಿಗೆ ಕಾನೂನಿನಂತೆ ಸಲ್ಲಬೇಕಾದ ಕನಿಷ್ಠ ವೇತನ, ಭವಿಷ್ಯನಿಧಿ, ವಾರದ ರಜೆ ಎಲ್ಲ ಕಡೆಯೂ ಸಲ್ಲುವಂತೆ ಯಾರು ನೋಡಿಕೊಳ್ಳುತ್ತಾರೆ? ಊರಿನಲ್ಲಿ ಓಟು ಇದ್ದವನಿಗೆ ಮತದಾನದ ದಿನ ರಜೆಯೂ ರೈಲಿನಲ್ಲಿ ಸ್ಥಳವೂ ಸಿಗುವುದೆಂತು? ಈ ಪ್ರಶ್ನೆಗಳಿಗೆ ಯಾರ ತಾತನ ಭಾವಚಿತ್ರವೂ ಉತ್ತರ ಹೇಳಲಾರದು.

ಮೊದಲು ನಮ್ಮ ಮನೆಯಿಂದಲೇ ಪ್ರಾರಂಭಿಸೋಣ. ನಮ್ಮ ಸಂಘಗಳಲ್ಲಿಯೂ ಕಾರ್ಯದರ್ಶಿಯ ಮಗನೇ ಕಾರ್ಯದರ್ಶಿಯಾಗುವುದನ್ನು, ಲೆಕ್ಕ ಕೇಳಿದವನನ್ನು ಜಗಳಗಂಟನೆಂದು ಕೂರಿಸುವುದನ್ನು ನಾವು ಕಂಡಿಲ್ಲವೇ? ಮುಂದಿನ ವಾರ್ಷಿಕ ಸಭೆಯಲ್ಲಿ, ಸ್ಥಾನಕ್ಕೆ ನಿಂತವರೆಲ್ಲರೂ ಸದಸ್ಯರ ಪ್ರಶ್ನೆಗಳಿಗೆ ಒಂದು ಗಂಟೆ ಕಾಲ ಉತ್ತರ ಕೊಡಲಿ. ಈ ಅಭ್ಯಾಸ ನಮ್ಮಲ್ಲಿ ಬೇರೂರಿದರೆ, ನಾಳೆ ಸೈದಾಪೇಟೆಯ, ವೇಳಚ್ಚೇರಿಯ ಉಮೇದುವಾರರನ್ನೂ, ಊರಿನ ಸಾಗರ, ಕುಂದಾಪುರಗಳ ಉಮೇದುವಾರರನ್ನೂ ಅದೇ ರೀತಿ ಕರೆಯುವ ಧೈರ್ಯ ನಮಗೆ ಬರುತ್ತದೆ.

ಕರೆದರೆ ಬರುವರೇ? ಮೊದಲ ಸಲ ಬಾರದಿರಬಹುದು. ಬಾರದವರ ಕುರ್ಚಿಯನ್ನು ವೇದಿಕೆಯಿಂದ ತೆಗೆಯದೆ, ಅವರ ಹೆಸರನ್ನು ಬರೆದು ಖಾಲಿಯಾಗಿಯೇ ಇರಿಸಬೇಕೆಂದು ನಾವು ಸೂಚಿಸುತ್ತೇವೆ. ಬಂದವರು ಯಾರು, ಬಾರದವರು ಯಾರು ಎಂಬುದನ್ನು ಮತದಾರರು ಮತಗಟ್ಟೆಗೆ ಹೋಗುವಾಗ ನೆನಪಿನಲ್ಲಿಟ್ಟುಕೊಂಡರೆ ಸಾಕು. ಎರಡನೆಯ ಸಲ ಆ ಕುರ್ಚಿ ಖಾಲಿಯಿರದು.